ಸಿಂದಗಿಗೆ ಹೋಗಿ ಬರ್ತೇನಿ

ಮನೆ ಬಿಟ್ಟು ಹೊರಡುವವನು ‘ಹೋಗತೇನಿ’ ಅನ್ನಬಾರದು, ‘ಬರ್ತೇನಿ’ ಅನ್ನಬೇಕು. ಒಳಗಿದ್ದ ಹಿರಿಯರು ‘ಹೋಗಿ ಬಾ’ ಅನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಹೊಸ್ತಿಲ ಆಚೆ ಕಾಲು. ಭೀಮಾ ದಂಡೆಯ ದೇವಣಗಾಂವದಲ್ಲಿ ಇದನ್ನು ಯಾರೂ ಯಾರಿಗೂ ಕೂಡಿಸಿಕೊಂಡು ಕಲಿಸಿದ್ದಿಲ್ಲ. ತೊಗಲಿನ ವ್ಯಾಪಾರಿ ಯಾಕೂಬಸಾಬರ ಮನೆಯಲ್ಲಂತೂ ಈ ರೂಢಿ ಬಲು ಬಿಗಿ. ಅವರ ಹೆಂಡತಿ ಹಜರಾಬಿ ‘ಹೋಗಿ ಬಾ’ ಅನ್ನದೆ ಆ ಮನೆಯ ಎತ್ತು ಕೂಡ ಗಾಡಿಗೆ ಹೆಗಲು ಕೊಡುತ್ತಿರಲಿಲ್ಲ ಎಂದು ಓಣಿಯ ಜನ ನಗೆಯಾಡುತ್ತಿದ್ದರು.

ಈ ಹಜರಾಬಿಗೆ ಒಬ್ಬನೇ ಮಗ, ಚಾಂದಸಾಬ. ವಿಜಾಪುರದಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿದ್ದ. 1956ರಲ್ಲಿ ಇಂಗ್ಲೆಂಡಿನ ಉತ್ತರ ದಿಕ್ಕಿನ ಗಿರಣಿ ಊರೊಂದರ ವಿಶ್ವವಿದ್ಯಾಲಯದಲ್ಲಿ ಚರ್ಮ ಹದ ಮಾಡುವ ವಿದ್ಯೆ ಕಲಿಯಲು ಅವನಿಗೆ ಶಿಷ್ಯವೇತನ ಸಿಕ್ಕಿತು. ಮೂರು ವರ್ಷದ ಓದು. ಅಪ್ಪನ ಎದೆ ಸಂತೆಯ ನಗಾರಿಯಂತಾಯಿತು. ಅವ್ವ ಮಾತ್ರ ಸುದ್ದಿ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನೀರ ದಾಟಿ ಹೋಗೋರಿಗೆ ನನ್ನ ಬಾಯಿಂದ ಆ ಮಾತ ಬರಂಗಿಲ್ಲ,” ಅಂದಳು.

ಅದಕ್ಕೆ ಕಾರಣವಿತ್ತು. ಅವಳ ಬೆನ್ನಿಗೆ ಬಿದ್ದ ತಮ್ಮ ಕಾಸಿಂಸಾಬ ಯುದ್ಧದ ಕಾಲದಲ್ಲಿ ಮುಂಬಯಿಗೆ ಹೋಗಿ ಅಲ್ಲಿಂದ ಹಡಗಿನ ಕೆಲಸಕ್ಕೆ ಸೇರಿದ್ದ. ಅವನಿಗೆ ಹೊಸ್ತಿಲಲ್ಲಿ ನಿಂತು ‘ಹೋಗಿ ಬಾ’ ಅಂದವಳು ಇವಳೇ. ಅವನು ಬರಲಿಲ್ಲ. ಸತ್ತನೆಂದೂ ಯಾರೂ ಹೇಳಲಿಲ್ಲ, ಇದ್ದಾನೆಂದೂ ಹೇಳಲಿಲ್ಲ. ತನ್ನ ಮಾತು ಒಣ ನೆಲದ ಮೇಲಷ್ಟೇ ನಡೆಯುತ್ತದೆ, ನೀರು ಕಂಡರೆ ಮುಳುಗುತ್ತದೆ ಎಂದು ಅಂದಿನಿಂದ ಅವಳ ಮನಸ್ಸು ಗಟ್ಟಿಯಾಗಿತ್ತು.

ಯಾಕೂಬಸಾಬರು ಹೆಂಡತಿಯ ಜೊತೆ ವಾದ ಮಾಡಿ ಗೆದ್ದವರಲ್ಲ. ಹೀಗಾಗಿ ಹಾದಿ ಬದಲಿಸಿದರು. ಮಗನ ಟ್ರಂಕನ್ನು ಗಾಡಿಯಲ್ಲಿ ಹಸಿ ತೊಗಲಿನ ಕೆಳಗಿಟ್ಟು ಹತ್ತಿರದ ಸಂತೆಯೂರು ಸಿಂದಗಿಯ ವ್ಯಾಪಾರಿ ರೇವಣಪ್ಪನ ಮಾಲು ತುಂಬಿಡುವ ವಖಾರಿಗೆ ಮುಂಚೆಯೇ ಸಾಗಿಸಿದರು. ಮರುದಿನ ಚಾಂದಸಾಬ ಬರಿಗೈಯಲ್ಲಿ ಹೊಸ್ತಿಲ ಮೇಲೆ ನಿಂತು, “ಅವ್ವ, ಸಿಂದಗಿಗೆ ಹೋಗಿ ಬರ್ತೇನಿ,” ಅಂದ.

“ಹೋಗಿ ಬಾ. ಬರುವಾಗ ಒಂದ ಪೆಂಟಿ ಬೆಲ್ಲ ತಾ,” ಅಂದಳು ಹಜರಾಬಿ, ಎರಡು ಮೆತ್ತನೆಯ ರೊಟ್ಟಿ ಅರಿವೆಯಲ್ಲಿ ಸುತ್ತಿ ಕೊಟ್ಟಳು. ಆ ರೊಟ್ಟಿ ಸಿಂದಗಿ ಮುಟ್ಟುವುದರೊಳಗೆ ತಿಂದು ಮುಗಿಯಿತು. ಅಲ್ಲಿಂದ ವಿಜಾಪುರ, ಮುಂಬಯಿ, ಹಡಗು.

ಹಡಗಿನಲ್ಲಿ ಅವನ ಟ್ರಂಕು ನಾರುತ್ತಿತ್ತು. ಕೋಣೆಯ ಜೊತೆಗಾರರು ಮೂಗು ಮುಚ್ಚಿಕೊಂಡರು. ವಿಶ್ವವಿದ್ಯಾಲಯದ ಚರ್ಮ ವಿಭಾಗದಲ್ಲಿ ಮಾತ್ರ ಆ ವಾಸನೆಯನ್ನು ಯಾರೂ ಗುರುತಿಸಲಿಲ್ಲ, ಯಾಕೆಂದರೆ ಇಡೀ ವಿಭಾಗವೇ ಹಾಗೆ ನಾರುತ್ತಿತ್ತು. ಪರದೇಶದಲ್ಲಿ ಅವನಿಗೆ ಮನೆಯಂತೆ ಕಂಡದ್ದು ಅದೊಂದೇ.

ಉಳಿದದ್ದೆಲ್ಲ ಗೋಡೆ. ಅವನ ಬಾಡಿಗೆ ಕೋಣೆಯ ಕಿಟಕಿ ತೆರೆದರೆ ಎದುರು ಹೊಗೆ ಹಿಡಿದ ಇಟ್ಟಂಗಿಯ ಗೋಡೆ. ಕೈ ಚಾಚಿದರೆ ಸಿಕ್ಕೀತು ಅನ್ನುವಷ್ಟು ಹತ್ತಿರ. ಮೇಲೆ ಬೂದಿ ಬಣ್ಣದ ಮುಗಿಲು, ಅದೂ ಒಂದು ಮುಚ್ಚಳವೇ. ಮಧ್ಯಾಹ್ನ ಕಳೆಯುವುದರೊಳಗೆ ಕತ್ತಲು. ಮೇಲಂಗಿಯ ಮೇಲೆ ಮೇಲಂಗಿ ಹಾಕಿಕೊಂಡು, ಬೇಯಿಸಿದ ಆಲೂಗಡ್ಡೆ ನುಂಗಿ, ತಲೆ ತಗ್ಗಿಸಿ ಪ್ರಯೋಗಶಾಲೆಗೆ ಹೋಗುವುದು, ತಲೆ ತಗ್ಗಿಸಿ ಬರುವುದು. ಗಾಣದ ಎತ್ತಿಗಾದರೂ ಎಣ್ಣೆಯ ವಾಸನೆ ಇರುತ್ತದೆ.

ಕೋಣೆ ಕೊಟ್ಟ ಮುದುಕಿ ಮಿಸೆಸ್ ಬ್ರೂಕ್ಸ್ ಒಳ್ಳೆಯವಳೇ. ಆದರೆ ಮೊದಲ ದಿನವೇ ಫಜೀತಿಯಾಯಿತು. ಹೊರಡುವಾಗ ಚಾಂದಸಾಬ ರೂಢಿಯಂತೆ ‘ಬರ್ತೇನಿ’ ಎಂಬುದನ್ನೇ ಇಂಗ್ಲಿಷಿಗೆ ತಿರುಗಿಸಿ, “ನಾನು ಬರುತ್ತೇನೆ” ಅಂದ.

“ಎಲ್ಲಿಗೆ?” ಅಂದಳು ಮುದುಕಿ.

“ಇಲ್ಲಿಗೆ.”

“ಇಲ್ಲೇ ಇದ್ದೀಯಲ್ಲ.”

“ಹೋಗಿ, ಬರುತ್ತೇನೆ.”

“ಎಷ್ಟು ಗಂಟೆಗೆ?”

ಇದಕ್ಕೆ ಏನು ಹೇಳಬೇಕು? ನಮ್ಮ ಕಡೆ ಆ ಮಾತಿಗೆ ಗಡಿಯಾರ ಇಲ್ಲ. ಅವನು ಬಾಯಿಗೆ ಬಂದ ಹೊತ್ತು ಹೇಳಿದ. ಆ ಹೊತ್ತಿಗೆ ಮುದುಕಿ ಚಹಾ ಕಾಸಿ ಕಾದಳು, ಅವನು ತಡವಾಗಿ ಬಂದದ್ದಕ್ಕೆ ಮುಖ ಊದಿಸಿಕೊಂಡಳು. ಮುಂದೆ ಅವನು ಏನೂ ಅನ್ನದೆ ಹೊರಬೀಳುವುದನ್ನು ಕಲಿತ. ಬಾಗಿಲು ಹಿಂದೆ ಮುಚ್ಚುವಾಗ ಬೆನ್ನಿಗೆ ಯಾವ ಮಾತೂ ಬೀಳುತ್ತಿರಲಿಲ್ಲ. ಬೆನ್ನು ಬತ್ತಲೆಯಾದಂತೆ ಅನ್ನಿಸುತ್ತಿತ್ತು. ಆಗೆಲ್ಲ ನೆನಪಾಗುವುದು ಒಂದೇ: ತನಗೆ ಸಿಕ್ಕ ‘ಹೋಗಿ ಬಾ’ ಸಿಂದಗಿಯದು. ಅದನ್ನು ಕದ್ದುಕೊಂಡು ಇಲ್ಲಿಗೆ ಬಂದಿದ್ದೇನೆ.

ಓದಿನಲ್ಲಿ ಅವನು ಹಿಂದೆ ಬೀಳಲಿಲ್ಲ. ಪ್ರೊಫೆಸರರು ಹದವಾದ ಚರ್ಮವನ್ನು ಮೇಜಿನ ಮೇಲೆ ಹಾಸಿ, ಕಣ್ಣು ಮುಚ್ಚಿ ಬೆರಳಾಡಿಸಲು ಹೇಳುತ್ತಿದ್ದರು. ಸುಣ್ಣ ಹೆಚ್ಚಾಯಿತೋ, ತೊಗಟೆಯ ರಸ ಕಡಿಮೆಯಾಯಿತೋ ಮುಟ್ಟಿಯೇ ತಿಳಿಯಬೇಕು. ಅಪ್ಪ ತೊಗಲು ಹದ ಮಾಡಲು ತಂಗಡಿ ಗಿಡದ ತೊಗಟೆ ನೆನೆಹಾಕುವ ಹೊಂಡಗಳ ನಡುವೆ ಬೆಳೆದ ಚಾಂದಸಾಬನ ಬೆರಳು ತಪ್ಪುತ್ತಿದ್ದಿಲ್ಲ. “ಇವನು ಕೈಯಿಂದ ಓದುತ್ತಾನೆ,” ಎಂದು ಪ್ರೊಫೆಸರರು ಉಳಿದವರ ಮುಂದೆ ಹೇಳಿದ್ದುಂಟು.

ಅದೇ ಊರಿನಲ್ಲಿ ಮುದ್ದೇಬಿಹಾಳ ಕಡೆಯ ರಾಚಪ್ಪ ಎಂಬವನು ಇಂಜಿನಿಯರಿಂಗ್ ಓದುತ್ತಿದ್ದ. ಎರಡನೆಯ ವರ್ಷದ ಬೇಸಿಗೆ ರಜೆಯಲ್ಲಿ ಅವನ ಮನೆಯವರು ಮದುವೆ ಗೊತ್ತು ಮಾಡಿ ಕರೆಸಿಕೊಂಡರು. ಮದುವೆಯಾಗಿ, ಹೆಂಡತಿ ಸಾವಿತ್ರವ್ವನನ್ನು ಊರಲ್ಲೇ ಬಿಟ್ಟು ತಿರುಗಿ ಬಂದ ರಾಚಪ್ಪ ಚಾಂದಸಾಬನ ಕೋಣೆಯಲ್ಲಿ ಬುತ್ತಿ ಬಿಚ್ಚಿದ. ಖಡಕ ರೊಟ್ಟಿ, ಶೇಂಗಾ ಹಿಂಡಿ. ದೂರದ ಹಾದಿಗೆ ಕೆಡದಿರಲೆಂದು ಹಪ್ಪಳದಂತೆ ಒಣಗಿಸಿದ ಆ ರೊಟ್ಟಿ ಹಡಗಿನ ತಂಪು ತಾಗಿಯೂ ಮುರಿದರೆ ಲಟಕ್ಕನೆ ಸಪ್ಪಳ ಮಾಡುತ್ತಿತ್ತು.

“ಅಳಕೋತನ ಬಡದಾಳ್ಪಾ ನನ್ನ ಹೇಣ್ತಿ,” ಅಂದ ರಾಚಪ್ಪ. “ಬಾಯಿಂದ ಹೋಗಬ್ಯಾಡ ಅಂತಿದ್ಲು, ಕೈಲಿಂದ ಖಡಕ ರೊಟ್ಟಿ ಬಡೀತಿದ್ಲು. ನಾ ಕೈನ ಮಾತ ಕೇಳಿದೆ.”

ಚಾಂದಸಾಬ ನಕ್ಕ. ತನಗೆ ಸಿಕ್ಕದ್ದು ಸಿಂದಗಿಯ ಹಾದಿಗೆ ಸಾಕಾಗುವ ಎರಡು ಮೆತ್ತನೆಯ ರೊಟ್ಟಿ ಎಂಬುದು ನೆನಪಾಯಿತು. “ನಮ್ಮೂರಿಗೆ ಹೋಗಿದ್ದೇನು?”

“ಹೋಗಿದ್ದೆ. ನಿಮ್ಮವ್ವ ನೀರು ಕೊಟ್ಟು ಕೂಡಿಸಿದ್ಲು. ‘ಅವ್ವಾರ, ನಿಮ್ಮ ಮಗ ವಿಲಾಯತಿಯೊಳಗ ಆರಾಮ ಅದಾನ್ರಿ’ ಅಂದೆ. ‘ಯಾವ ವಿಲಾಯತಿ? ನನ್ನ ಮಗ ಸಿಂದಗಿಗೆ ಹೋಗ್ಯಾನ’ ಅಂದ್ಲು.”

“ಏನಂದ್ಲು?”

“ಸಿಂದಗಿಗೆ ಹೋಗ್ಯಾನ, ಬರ್ತಾನ. ಅಷ್ಟ. ನಿಮ್ಮ ಅಕ್ಕ ರೋಷನಬಿ ಹಿಂದ ನಿಂತು ಸನ್ನಿ ಮಾಡಿದ್ಲು, ಸುಮ್ನಿರು ಅಂತ. ಹೊರಗ ಬಂದ ಮ್ಯಾಲ ಹೇಳಿದ್ಲು: ‘ಅವ್ವಗ ಎಲ್ಲಾ ಗೊತ್ತೈತಿ. ಆದ್ರ ಆಕಿ ಹೋಗಿ ಬಾ ಅಂದದ್ದು ಸಿಂದಗಿಗೆ. ವಿಲಾಯತಿ ಅಂತ ಒಪ್ಪಿದ್ರ ಆ ಮಾತ ಅವಂಗ ಹತ್ತಂಗಿಲ್ಲ. ಸಿಂದಗಿ ಅಂದ್ರ ಅಂವ ಬರಾಕ ಬೇಕು.’ ಊರ ಮಂದಿ ನಗತಾರ. ಆಕಿ ಬಗ್ಗಂಗಿಲ್ಲ.”

ರಾಚಪ್ಪ ಕಿಟಕಿ ತೆಗೆದು ಎದುರಿನ ಕರಿ ಗೋಡೆ ನೋಡಿ, “ಸಿಂದಗಿಯೊಳಗ ಭಾಳ ಥಂಡಿ ಐತಿ ನೋಡಪಾ,” ಅಂದ.

ಅಂದಿನಿಂದ ಆ ಇಬ್ಬರ ನಡುವೆ ಆ ಊರಿಗೆ ಸಿಂದಗಿಯೆಂದೇ ಹೆಸರಾಯಿತು. ಸಿಂದಗಿಯಲ್ಲಿ ಹಿಮ ಬಿತ್ತು. ಸಿಂದಗಿಯ ಟ್ರಾಮು ತಡವಾಯಿತು. ನಗೆ ಬರುತ್ತಿತ್ತು, ಆದರೆ ಚಾಂದಸಾಬನಿಗೆ ತನ್ನನ್ನು ಕಟ್ಟಿದ ಹಗ್ಗ ಎಷ್ಟು ಉದ್ದವಿದ್ದರೂ ಅದರ ಗೂಟ ಎಲ್ಲಿದೆ ಎಂಬುದು ಆಗ ತಿಳಿಯಿತು.

ಮೂರು ವರ್ಷ ಮುಗಿದು ಪದವಿ ಕೈಗೆ ಬಂತು. ಪ್ರೊಫೆಸರರು ಕರೆದು, ಇನ್ನೆರಡು ವರ್ಷ ಇದ್ದು ಸಂಶೋಧನೆ ಮಾಡು, ಅಕ್ಟೋಬರ್ ಮೊದಲ ವಾರ ಹಾಜರಾಗು, ತಪ್ಪಿದರೆ ಜಾಗ ಬೇರೆಯವರಿಗೆ ಹೋಗುತ್ತದೆ ಅಂದರು. ಚಾಂದಸಾಬನ ಜೀವ ಕುಣಿಯಿತು. ತಂಗಡಿ ತೊಗಟೆಯ ಮೇಲೆಯೇ ಕೆಲಸ ಮಾಡಬಹುದಿತ್ತು. ತನ್ನ ಅಪ್ಪನ ಹೊಂಡದಲ್ಲಿ ಕೊಳೆಯುವುದನ್ನು ಪುಸ್ತಕದಲ್ಲಿ ಬರೆಯುವ ಆಸೆ.

“ಇಲ್ಲೇ ಇರು, ಊರಿಗೆ ಹೋಗಬ್ಯಾಡ. ಹೋದ್ರ ಸಿಕ್ಕೊಂತಿ,” ಅಂದ ರಾಚಪ್ಪ.

“ಇಲ್ಲಿ ಸಿಕ್ಕೊಂಡಿಲ್ಲೇನು? ಮೂರು ವರ್ಷ ಕದ್ದ ಮಾತಿನೊಳಗ ಕಾಲ ತಗದೇನಿ. ಈ ಸಲ ಆಕಿ ಬಾಯಿಂದ, ಇಲ್ಲಿಗೇ ಅಂತ, ಒಂದ ಮಾತ ಇಸಗೊಂಡು ಬರ್ತೇನಿ.”

ಬೇಕಾದದ್ದು ಅಷ್ಟೇ, ಒಂದು ಮಾತು. ಅದಕ್ಕೆಂದೇ ಹಡಗು ಹತ್ತಿದ.

ಅವನು ಹೋಗುವಾಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಬರುವಾಗ ಮೈಸೂರಿಗೆ ಸೇರಿತ್ತು. ಸಿಂದಗಿ ಮಾತ್ರ ಇದ್ದಲ್ಲೇ ಇತ್ತು. ಅಲ್ಲಿ ಇಳಿದು, ಮೊದಲು ಬಜಾರಿಗೆ ಹೋಗಿ ಒಂದು ಪೆಂಟಿ ಬೆಲ್ಲ ಕೊಂಡ. ಮನೆಗೆ ಬಂದಾಗ ಹಜರಾಬಿ ಒಲೆಯ ಮುಂದಿದ್ದಳು. ಕೂದಲು ಹಣ್ಣಾಗಿತ್ತು. ಮಗನ ಸೂಟು ಬೂಟು ನೋಡಿದಳು, ಕೈಯಲ್ಲಿದ್ದ ಗಂಟು ನೋಡಿದಳು.

“ತಡ ಆತಲ್ಲೋ,” ಅಂದಳು.

“ಸಂತಿ ದೊಡ್ಡದಿತ್ತವ್ವ.”

ಅವಳು ಬೆಲ್ಲ ಚೂರು ಮುರಿದು ಬಾಯಿಗೆ ಹಾಕಿಕೊಂಡಳು. “ಉಪ್ಪುಪ್ಪ ಐತಿ. ಇಷ್ಟ ದಿನ ಆರಿಸಿ ಇದನ್ನ ತಂದ್ಯಾ?” ಅಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಒಲೆಯ ಹೊಗೆಯೆಂದು ಎಲ್ಲರೂ ತಿಳಿದುಕೊಂಡರು, ಹಾಗೆ ತಿಳಿಯುವುದೇ ಒಳ್ಳೆಯದಿತ್ತು.

ನಾಲ್ಕಾರು ದಿನ ಕಳೆದ ಮೇಲೆ ಚಾಂದಸಾಬ ವಿಷಯ ತೆಗೆದ. ಸೆಪ್ಟೆಂಬರಿನಲ್ಲಿ ಹಡಗಿದೆ, ಇನ್ನೆರಡು ವರ್ಷ, ಈ ಸಲ ಹೇಳಿ ಹೋಗುತ್ತೇನೆ, ನೀ ಹೋಗಿ ಬಾ ಅನ್ನು. ಹಜರಾಬಿ ಜೋಳ ಹಸನು ಮಾಡುತ್ತಿದ್ದವಳು ಮೊರ ಎತ್ತಿಕೊಂಡು ಎದ್ದು ಹೋದಳು. ಅಷ್ಟಕ್ಕೇ ನಿಲ್ಲಲಿಲ್ಲ. ಮಗ ಮತ್ತೆ ಮಾತು ಕದ್ದಾನೆಂಬ ಅಂಜಿಕೆಯಿಂದ ಅವಳು ಯಾವುದಕ್ಕೂ ‘ಹೋಗಿ ಬಾ’ ಅನ್ನುವುದನ್ನೇ ಬಿಟ್ಟಳು. ಹೊಳೆಗೆ ಹೋಗಿ ಬರ್ತೇನಿ ಅಂದರೆ ಸುಮ್ಮನೆ. ವಖಾರಿಗೆ ಅಂದರೆ ಸುಮ್ಮನೆ. ಶುಕ್ರವಾರ ಮಸೀದಿಗೆ ಅಂದರೂ ಸುಮ್ಮನೆ. ಹಿರಿಯರ ಮಾತಿಲ್ಲದೆ ಹೊಸ್ತಿಲು ದಾಟುವ ರೂಢಿ ಇಲ್ಲದ ಮಗ ಪಡಸಾಲೆಯಲ್ಲಿ ಕಟ್ಟಿಹಾಕಿದ ಕರುವಾದ. ಹೊರಗೆ ಅಂಗಳದಲ್ಲಿ ಮಳೆ, ಒಳಗೆ ಮೌನ. ಬಿಳಿ ಗೋಡೆಯ ಮನೆ ಅವನಿಗೆ ಆ ಕರಿ ಗೋಡೆಯ ಕೋಣೆಗಿಂತ ಇಕ್ಕಟ್ಟಾಯಿತು.

“ನಾ ಅಪ್ಪ ಅದೇನಿ, ನಾ ಅಂತೇನಿ, ಹೋಗಿ ಬಾ,” ಅಂದರು ಯಾಕೂಬಸಾಬರು ಒಂದು ದಿನ.

“ನಿಮ್ಮ ಮಾತು ತೊಗಲಿನ ಗಾಡಿಗೆ ನಡೀತೈತಿ, ನಡಸ್ರಿ,” ಅಂದಳು ಹಜರಾಬಿ ಒಳಗಿನಿಂದ.

ಪಕ್ಕದ ಮನೆಯ ಗುಂಡವ್ವ ಮಜ್ಜಿಗೆ ಕೊಡುವ ನೆಪದಲ್ಲಿ ಬಂದು ಕೂತಳು. “ಹಜರಾಬಿ ಅಕ್ಕ, ಒಂದ ಮಾತ ಅಂದ್ರ ನಿನ್ನ ಬಾಯಾಗಿನ ಮುತ್ತ ಉದರತಾವೇನು?”

“ಉದರತಾವ. ಒಂದ ಸಲ ಉದರ್ಯಾವ, ಆರಿಸಾಕ ಸಿಕ್ಕಿಲ್ಲ.”

ಗುಂಡವ್ವನಿಗೂ ಕಾಸಿಂಸಾಬ ಗೊತ್ತಿದ್ದ. ಅವಳು ಮಜ್ಜಿಗೆಯ ತಂಬಿಗೆ ಅಲ್ಲೇ ಬಿಟ್ಟು ಎದ್ದಳು.

ಹಡಗಿನ ದಿನ ಹತ್ತಿರವಾಯಿತು. ಇವತ್ತು ಸಿಂದಗಿಯಿಂದ ವಿಜಾಪುರದ ಬಸ್ಸು ಹಿಡಿದು ರಾತ್ರಿಯ ರೈಲು ಹತ್ತಿದರೆ ಮುಂಬಯಿಯಲ್ಲಿ ಹಡಗು ಸಿಕ್ಕೀತು, ಇಲ್ಲವಾದರೆ ಇಲ್ಲ ಎನ್ನುವಂಥ ಮುಂಜಾನೆ ಬಂತು. ಯಾಕೂಬಸಾಬರು ಹಿಂದಿನ ದಿನವೇ ಹಳೆಯ ಉಪಾಯ ಮಾಡಿದ್ದರು, ತೊಗಲಿನ ಕೆಳಗೆ ಟ್ರಂಕು ರೇವಣಪ್ಪನ ವಖಾರಿ ಸೇರಿತ್ತು. ಚಾಂದಸಾಬ ಹೊಸ್ತಿಲ ಮೇಲೆ ನಿಂತ. ಬೇರೆ ಏನೂ ಬಾಯಿಗೆ ಬರಲಿಲ್ಲ.

“ಅವ್ವ, ಸಿಂದಗಿಗೆ ಹೋಗಿ ಬರ್ತೇನಿ.”

ಉತ್ತರ ಬರಲಾರದು ಅಂದುಕೊಂಡಿದ್ದ. ಹಜರಾಬಿ ಅಡಿಗೆಮನೆಯಿಂದ ಬಂದಳು. ಗಂಟು ಕಟ್ಟಿದ ಬುತ್ತಿಯನ್ನು ಅವನ ಕೈಚೀಲದೊಳಗೆ ತಾನೇ ಇಟ್ಟಳು. ಮಗನ ಮುಖ ನೋಡಲಿಲ್ಲ, ಚೀಲದ ಬಾಯಿ ನೋಡುತ್ತ ಅಂದಳು:

“ಹೋಗಿ ಬಾ. ಬೆಲ್ಲ ತಾ. ಈ ಸಲ ಉಪ್ಪಿಲ್ಲದ್ದ ನೋಡಿ ತಾ.”

ಹಾದಿಯುದ್ದಕ್ಕೂ ಚಾಂದಸಾಬನಿಗೆ ಬುತ್ತಿ ಬಿಚ್ಚುವ ಮನಸ್ಸಾಗಲಿಲ್ಲ. ನಂಬಿದಳಲ್ಲ, ಮತ್ತೆ ನಂಬಿದಳಲ್ಲ ಎಂದೇ ಜಪ. ಸಿಂದಗಿಯ ನಿಲ್ದಾಣದಲ್ಲಿ ವಿಜಾಪುರದ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ರೇವಣಪ್ಪ ಹಮಾಲನ ತಲೆಯ ಮೇಲೆ ಟ್ರಂಕು ಹೊರಿಸಿಕೊಂಡು ಬಂದ.

“ಮ್ಯಾಲ ಹಾಕಸಲೇನು ಸಾಹೇಬರ?”

ಚಾಂದಸಾಬ ಏಣಿ ನೋಡಿದ. ಟ್ರಂಕನ್ನು ಹತ್ತಿಸಿದರೆ ಎರಡು ವರ್ಷ ಆ ಕೋಣೆ, ಬೆನ್ನಿಗೆ ಮಾತಿಲ್ಲದ ಆ ಬಾಗಿಲು, ಮತ್ತು ದಿನಾ ಸಿಂದಗಿಯ ಹಾದಿ ನೋಡುವ ಅವ್ವ. ಒಮ್ಮೆ ಕದ್ದದ್ದಕ್ಕೆ ಹುಡುಗುತನ ಎಂಬ ಹೆಸರಿತ್ತು. ಇನ್ನೊಮ್ಮೆ ಕದ್ದರೆ ಅದಕ್ಕೆ ಕಳವು ಎಂಬುದೊಂದೇ ಹೆಸರು.

“ಬ್ಯಾಡ್ರಿ,” ಅಂದ.

“ಬಸ್ಸ ಬಿಡತೈತಿ.”

“ಬಿಡ್ಲಿ ಬಿಡ್ರಿ. ನನಗ ಹೋಗಿ ಬಾ ಅಂದದ್ದು ಇಲ್ಲಿ ತನಕ ಅಷ್ಟ.”

ಬಸ್ಸು ಹೋಯಿತು. ಧೂಳು ಇಳಿಯುವ ತನಕ ನಿಂತಿದ್ದು, ಅವನು ಬಜಾರಿಗೆ ಹೋದ. ಮೂರು ಅಂಗಡಿ ತಿರುಗಿ, ನಾಲಗೆಗೆ ಹಚ್ಚಿ ನೋಡಿ, ಉಪ್ಪಿಲ್ಲದ ಬೆಲ್ಲ ಆರಿಸಿದ. ಹೊತ್ತು ಇಳಿಯುವಾಗ, ಹಿಂದಿನ ದಿನ ತೊಗಲು ತಂದು ಅಲ್ಲೇ ನಿಂತಿದ್ದ ಅಪ್ಪನ ಗಾಡಿಯಲ್ಲಿ, ಟ್ರಂಕಿನ ಮೇಲೆಯೇ ಕೂತು, ಊರಿಗೆ ಬಂದ.

ಅಂಗಳದಲ್ಲಿ ಗಾಡಿ ನಿಂತ ಸಪ್ಪಳಕ್ಕೆ ಹಜರಾಬಿ ಹೊರಗೆ ಬಂದಳು. ಮಗ ಬೆಲ್ಲದ ಪೆಂಟಿ ಅವಳ ಕೈಯಲ್ಲಿಟ್ಟ. ಅವಳು ಅದನ್ನು ಮುರಿಯಲಿಲ್ಲ, ನೋಡಲೂ ಇಲ್ಲ.

“ಯಾಕ ಬಂದಿ?” ಅಂದಳು.

“ಸಿಂದಗಿಗೆ ಹೋಗಿ ಬಾ ಅಂದಿದ್ಯಲ್ಲವ್ವ. ಹೋಗಿ ಬಂದೆ. ಈ ಸಲ ಕದೀಲಿಲ್ಲ.”

“ಬುತ್ತಿ ತಿನ್ನಲಿಲ್ಲೇನು?”

“ಹಸಿವಿ ಇರಲಿಲ್ಲ.”

ಅಕ್ಕ ರೋಷನಬಿ ಕೈಚೀಲ ಇಸಿದುಕೊಂಡು ಬುತ್ತಿಯ ಗಂಟು ಬಿಚ್ಚಿದಳು. ಒಂದರ ಮೇಲೊಂದು ಅಟ್ಟಿ ಕಟ್ಟಿದ ಖಡಕ ರೊಟ್ಟಿ. ಹಡಗಿನ ಹಾದಿಗೆ ಸಾಲುವಷ್ಟು. ಜೊತೆಗೆ ಶೇಂಗಾ ಹಿಂಡಿ, ಕೆಂಪು ಖಾರ. ಗಾಡಿಯ ಕುಲುಕಾಟಕ್ಕೆ ಅಂಚು ಮುರಿದು ಪುಡಿಯಾಗಿತ್ತು.

“ಎರಡ ದಿನದಿಂದ ಬಡದು ಬಡದು ಅಟ್ಟದ ಮ್ಯಾಲ ಒಣಗಸಾಕತ್ತಿದ್ಲು,” ಅಂದಳು ರೋಷನಬಿ ಮೆಲ್ಲಗೆ. “ಕೇಳಿದ್ರ ಹೊಂಡದ ಆಳುಗಳಿಗೆ ಅಂದ್ಲು.”

ಹಜರಾಬಿ ಮಗನನ್ನು ನೇರ ನೋಡಿದಳು. “ಸಿಂದಗಿಗೆ ಹೋಗೋರಿಗೆ ಯಾರರ ಖಡಕ ರೊಟ್ಟಿ ಕಟ್ಟತಾರೇನೋ? ನೀರಿಗೆ ಹೋಗಿ ಬಾ ಅನ್ನಾಕ ನನ್ನ ನಾಲಗಿ ಹೊಳ್ಳಂಗಿಲ್ಲ. ಸಿಂದಗಿಗೆ ಅಂದ್ರ ಬರ್ತಿ, ಒಮ್ಮೆ ಬಂದಿ. ಅದಕ್ಕ ಹಂಗ ಅಂದೆ. ಉಳಿದದ್ದ ರೊಟ್ಟಿ ಹೇಳತೈತಿ ಅಂತ ತಿಳದಿದ್ದೆ.”

ಅವನು ಒಂದು ರೊಟ್ಟಿಯ ಮೇಲೆ ಬೆರಳಾಡಿಸಿದ. ಒರಟು, ಗಟ್ಟಿ, ಚೆನ್ನಾಗಿ ಹದವಾಗಿ ಒಣಗಿದ್ದು. ಮುಂಜಾನೆ ಚೀಲದ ಮೇಲಿಂದ ಒಮ್ಮೆ ಒತ್ತಿ ನೋಡಿದ್ದರೂ ತಿಳಿಯುತ್ತಿತ್ತು.

ಅಷ್ಟರಲ್ಲಿ ವಿಜಾಪುರದ ರೈಲು ಹೊರಡುವ ಹೊತ್ತಾಗಿತ್ತು, ಇನ್ನು ಅದನ್ನು ಮುಟ್ಟುವಂತಿರಲಿಲ್ಲ.

ಅಕ್ಟೋಬರಿನಲ್ಲಿ ಅವನ ಜಾಗ ಬೇರೆಯವರಿಗೆ ಹೋಯಿತು. ಚಾಂದಸಾಬ ಸಿಂದಗಿಯಲ್ಲಿ, ರೇವಣಪ್ಪನ ವಖಾರಿಯ ಪಕ್ಕದಲ್ಲಿ, ತೊಗಲಿನ ವಖಾರಿ ಹಾಕಿದ. ಊರ ಹೊರಗೆ ಹದ ಮಾಡುವ ನಾಲ್ಕು ಹೊಂಡ ಕಟ್ಟಿಸಿದ. ಜನ ಅವನನ್ನು ಲಂಡನ್ ಸಾಹೇಬ ಅನ್ನುತ್ತಿದ್ದರು, ಅವನು ಲಂಡನ್ನಿನಲ್ಲಿ ಓದಿದವನಲ್ಲ ಎಂದು ತಿದ್ದುವುದನ್ನು ಬಿಟ್ಟುಬಿಟ್ಟ. ದೇವಣಗಾಂವದಲ್ಲಿ ಯಾರಾದರೂ ಮಗನೆಲ್ಲಿ ಎಂದು ಕೇಳಿದರೆ ಹಜರಾಬಿಯ ಉತ್ತರ ಬದಲಾಗಲಿಲ್ಲ. ಈಗ ಯಾರೂ ನಗುತ್ತಿರಲಿಲ್ಲ ಅಷ್ಟೇ.

ಕೆಲವು ವರ್ಷಗಳ ಮೇಲೆ ಇಂಜಿನಿಯರ್ ಆದ ರಾಚಪ್ಪ ಜೀಪಿನಲ್ಲಿ ಆ ಹಾದಿಯಲ್ಲಿ ಬಂದ. ವಖಾರಿಯ ಮುಂದೆ ಇಳಿದು, ತೊಗಲಿನ ರಾಶಿಯ ಹಿಂದೆ ಕೂತ ಗೆಳೆಯನನ್ನು ಬಹಳ ಹೊತ್ತು ನೋಡಿದ.

“ಸಿಂದಗಿ ಹೆಂಗೈತ್ಯೋ?”

“ಹಿಮ ಬಿದ್ದಿಲ್ಲ ಇನ್ನಾ,” ಅಂದ ಚಾಂದಸಾಬ.

ವಾರಕ್ಕೊಮ್ಮೆ ಅವನು ಊರಿಗೆ ಹೋಗುತ್ತಿದ್ದ. ತಿರುಗಿ ಹೊರಡುವಾಗ ಹೊಸ್ತಿಲ ಮೇಲೆ ನಿಂತು ಸಿಂದಗಿಗೆ ಹೋಗಿ ಬರ್ತೇನಿ ಅನ್ನುತ್ತಿದ್ದ, ಅವ್ವ ಹೋಗಿ ಬಾ ಅನ್ನುತ್ತಿದ್ದಳು. ಬುತ್ತಿ ಕೈಗೆ ಬಂದ ಕೂಡಲೇ ಅರಿವೆಯ ಮೇಲಿಂದ ಒತ್ತಿ ನೋಡುವ ರೂಢಿ ಅವನಿಗೆ ಬಿದ್ದಿತ್ತು. ಅವ್ವ ಅದನ್ನು ಕಂಡೂ ಕಾಣದಂತೆ ಒಳಗೆ ಹೋಗುತ್ತಿದ್ದಳು.

ರೊಟ್ಟಿ ಯಾವಾಗಲೂ ಮೆತ್ತಗೇ ಇರುತ್ತಿತ್ತು.